ಹತಶೇಷರ ಶೋಕ: ‘ಶ್ರೀ’ಯವರ ಮೂರು ರುದ್ರನಾಟಕಗಳ ಪರಾಮರ್ಶೆ

೧

ಕನ್ನಡಕ್ಕೆ ರುದ್ರನಾಟಕದ ಸ್ವರೂಪವನ್ನು ಪರಿಚಯಮಾಡಿಕೊಟ್ಟವರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಅಗ್ರಗಣ್ಯರೆಂಬುದು ಸರ್ವವಿದಿತವಾದ ವಿಷಯ. ರನ್ನಕವಿಯ ಕಾವ್ಯವನ್ನು ರಂಗಕ್ಕೆ ಹೊಂದಿಸಿದ ‘ಗದಾಯುದ್ಧ ನಾಟಕಂ’ ೧೯೨೬ರಲ್ಲಿಯೂ, ಸೊಫೋಕ್ಲೀಸ್ ಮಹಾಕವಿಯ ‘ಏಜಾಕ್ಸ್’ ನಾಟಕವನ್ನು ಭಾರತದ ಕಥೆಗೆ ಒಗ್ಗಿಸಿದ ‘ಅಶ್ವತ್ಥಾಮನ್’ ೧೯೨೯ರಲ್ಲಿಯೂ, ಈಸ್ಕಿಲಸನ ಕೃತಿಯ ಕನ್ನಡ ರೂಪವಾದ ‘ಪಾರಸಿಕರು’ ೧೯೩೫ರಲ್ಲಿಯೂ ಬೆಳಕನ್ನು ಕಂಡುವು. ಇವುಗಳ ವಿಷಯವಾಗಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಎರಡು ಪ್ರಶ್ನೆಗಳನ್ನು ಅನುಸರಿಸಿರುವುದು. ಮಂಗಳಾಂತವನ್ನೇ ಬಯಸುವ ಭಾರತೀಯ ನಾಟಕಸಂಪ್ರದಾಯದಲ್ಲಿ ದುರಂತಕ್ಕೆ ಎಡೆಯುಂಟೇ ಎಂಬುದು ಒಂದು. ಚಿರಂಜೀವಿಯೆಂದು ಪುರಾಣಪ್ರಸಿದ್ಧನಾದ ಅಶ್ವತ್ಥಾಮನನ್ನು ಸಾಯಿಸುವ ಅಧಿಕಾರವು ಕವಿಗುಂಟೇ ಎಂಬುದು ಮತ್ತೊಂದು. ಎರಡೂ ಉಪೇಕ್ಷಿಸತಕ್ಕ ಪ್ರಶ್ನೆಗಳಲ್ಲ. ಆದರೆ ಇವೆರಡರ ಗದ್ದಲದಲ್ಲಿ ಮೂರು ಕೃತಿಗಳಿಗೂ ಸಮಾನವಾದ ಒಂದು ಲಕ್ಷಣವು ಮರೆಯಾಗಿಹೋಗಿದೆ.

ಆ ಲಕ್ಷಣವಾವುದೆಂದರೆ: ಮೂರು ಕೃತಿಗಳಲ್ಲಿಯೂ ಮಹಾಸಂಹಾರವು ಆಗಲೇ ನಡೆದುಹೋಗಿದೆ. ಕುರುಕ್ಷೇತ್ರದಲ್ಲಿ ಹದಿನೆಂಟು ಅಕ್ಷೌಹಿಣಿ ಸೈನ್ಯವು ಅಳಿದು, ಉಳಿದ ಪ್ರಮುಖರನ್ನು ಬೆರಳ ಮೇಲೆ ಎಣಿಸಬಹುದಾಗಿದೆ. ಪಾರಸಿಕರ ನೌಕಾಬಲವು ಸಾಲಮಿಸ್ಸಿನ ಬಳಿ ಮುಳುಗಿದೆ. ರಂಗದ ಮೇಲೆ ಬರುವವರು ಹತರಾದವರಲ್ಲ, ಹತಶೇಷರು. ಸಾಯದೆ ಉಳಿದವರು ಹೇಗೆ ಬದುಕಬೇಕು, ಅವರ ಬಳಿಗೆ ಬಂದವರು ಏನು ಮಾಡಿದರೆ ಶೋಕವು ತಗ್ಗುವುದು, ಏನು ಮಾಡಿದರೆ ಅದು ಹೊಸ ಹಿಂಸೆಯಾಗಿ ತಿರುಗುವುದು, ಇದೇ ಮೂರರ ಒಳಗಿನ ವಸ್ತು. ಹೀಗೆ ನೋಡಿದರೆ ಈ ಕೃತಿಗಳು ಒಂದೇ ಪ್ರಶ್ನೆಗೆ ದೊರೆತ ಮೂರು ಉತ್ತರಗಳಾಗಿ ತೋರುವುವು. ಊರೂರುಗಳಲ್ಲಿ ನೆರೆಹೊರೆಯವರೇ ಒಬ್ಬರನ್ನೊಬ್ಬರು ಕೊಂದ ಕಥೆಗಳನ್ನು ೧೯೪೭ರಿಂದ ಈಚೆಗೆ ಹಲವು ಸಾರಿ ಕೇಳಿರುವ ದೇಶದಲ್ಲಿ ಈ ಪ್ರಶ್ನೆಯು ಕೇವಲ ಸಾಹಿತ್ಯಕ್ಕೆ ಸೇರಿದುದಲ್ಲ.

೨

ಮೊದಲು ‘ಗದಾಯುದ್ಧ’ವನ್ನು ತೆಗೆದುಕೊಳ್ಳಬಹುದು. ‘ಶ್ರೀ’ಯವರ ನಾಟಕವು ರನ್ನನ ಪದ್ಯಗಳನ್ನೇ ಆಧಾರವಾಗಿಟ್ಟುಕೊಂಡು ಕಟ್ಟಿದುದಾದ್ದರಿಂದ ಇಲ್ಲಿ ವಿಚಾರಮಾಡಬೇಕಾದುದು ಮುಖ್ಯವಾಗಿ ರನ್ನನ ದರ್ಶನವನ್ನೇ. ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ನಡೆದು ಬರುವ ಪ್ರಸಂಗವು ಕನ್ನಡ ಸಾಹಿತ್ಯದ ಅತ್ಯುತ್ತಮ ಭಾಗಗಳಲ್ಲಿ ಒಂದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ದ್ರೋಣ, ಅಭಿಮನ್ಯು, ಮಗನಾದ ಲಕ್ಷಣಕುಮಾರ, ತಮ್ಮನಾದ ದುಶ್ಶಾಸನ, ಪ್ರಾಣಮಿತ್ರನಾದ ಕರ್ಣ, ಇವರ ಕಳೇಬರಗಳ ಮುಂದೆ ಅವನು ಒಂದೊಂದಾಗಿ ನಿಲ್ಲುವನು. ಶತ್ರುವಿನ ಮಗನಾದ ಅಭಿಮನ್ಯುವಿಗೂ ಅವನ ಬಾಯಿಂದ ಹೊಗಳಿಕೆ ಬರುವುದು. ದುಶ್ಶಾಸನನ ಮುಂದೆ ನಿಂತಾಗ, ತಾಯಿಯ ಮೊಲೆಹಾಲಿನಿಂದ ಮೊದಲುಗೊಂಡು ಎಲ್ಲವನ್ನೂ ಮೊದಲು ತಾನು, ಆಮೇಲೆ ತಮ್ಮನು ಎಂಬ ಕ್ರಮದಲ್ಲಿ ಅನುಭವಿಸಿದ್ದು ನೆನಪಿಗೆ ಬಂದು, ಸಾವಿನಲ್ಲಿ ಮಾತ್ರ ಆ ಕ್ರಮವು ತಪ್ಪಿತೆಂದು ಅವನು ಅಳುವನು. ಕಿರಿಯನು ಸತ್ತು ಹಿರಿಯನು ಉಳಿದ ಮನೆಗಳಲ್ಲಿ ಇಂದಿಗೂ ಕೇಳಿಬರುವ ಮಾತಿದು. ಉಳಿದುದೇ ಒಂದು ಅಪರಾಧವೆಂಬ ಭಾವನೆಯನ್ನು ಇಷ್ಟು ಸರಳವಾಗಿ ಹೇಳಿದ ಕವಿಗಳು ವಿರಳ.

ಈ ಪ್ರಸಂಗವನ್ನು ವಿಮರ್ಶಕರು ಸಾಮಾನ್ಯವಾಗಿ ವೀರರಸಕ್ಕೆ ಅಂಗವಾಗಿ ಬಂದ ಕರುಣವೆಂದು ವಿವರಿಸುವರು. ಅಥವಾ ಖಳನೆನಿಸಿದ್ದ ದುರ್ಯೋಧನನನ್ನು ಉದಾತ್ತನನ್ನಾಗಿ ಮಾಡುವ ಕವಿಯ ಉಪಾಯವೆನ್ನುವರು. ಎರಡೂ ನಿಜವೇ. ಆದರೆ ಪ್ರತಿಯೊಂದು ಶೋಕವೂ ಎಲ್ಲಿ ಮುಗಿಯುವುದೆಂಬುದನ್ನು ಗಮನಿಸಿದರೆ ಮತ್ತೊಂದು ಸಂಗತಿಯು ಹೊಳೆಯುವುದು. ಶೋಕವು ಪೂರ್ತಿಯಾಗಿ ಹರಿದು ನಿಲ್ಲುವುದಕ್ಕೆ ಮುಂಚೆಯೇ ಅದು ಪ್ರತೀಕಾರದ ಪ್ರತಿಜ್ಞೆಯಾಗಿ ಮಾರ್ಪಡುವುದು. ದುರ್ಯೋಧನನಿಗೆ ಅಳಲು ಕಣ್ಣೀರಿದೆ. ಅಳಲು ಎಡೆಯಿಲ್ಲ, ಬಿಡುವಿಲ್ಲ. ಸತ್ತವರಿಗೆ ಸಂಸ್ಕಾರವಿಲ್ಲ, ತರ್ಪಣವಿಲ್ಲ. ಮುಂದಿನ ಹೆಜ್ಜೆಯಲ್ಲಿ ಮತ್ತೊಂದು ಕಳೇಬರ. ಕರ್ಣನನ್ನು ಕೊಲ್ಲಿಸಿದ ಈ ನೆಲವು ತನಗೆ ಪಾಳುನೆಲ, ಇದರೊಡನೆ ಮತ್ತೆ ಕೂಡಿ ಬಾಳುವುದೆಂತು ಎಂಬರ್ಥದ ಅವನ ಮಾತು ಛಲದ ಮಾತಾಗಿ ಪ್ರಸಿದ್ಧವಾಗಿದೆ. ಅದು ಛಲಕ್ಕಿಂತ ಮೊದಲು ಶೋಕದ ಮಾತು. ಘಾತವಾದ ಸ್ಥಳವೇ ಘಾತವನ್ನು ನೆನಪಿಗೆ ತರುವುದರಿಂದ ಆ ಬೀದಿಯಲ್ಲಿ ಕಾಲಿಡಲಾರದವರನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿಹೇಳಬೇಕಾಗಿಲ್ಲ.

ಅವನ ಬಳಿಗೆ ಬಂದವರು ಏನು ಮಾಡಿದರು? ಧೃತರಾಷ್ಟ್ರನೂ ಗಾಂಧಾರಿಯೂ ಬಂದು ಸಂಧಿಯನ್ನು ಬೋಧಿಸಿದರು; ಭೀಷ್ಮನು ಶರಶಯ್ಯೆಯಿಂದಲೇ ಹಿತವಚನವನ್ನು ಹೇಳಿದನು. ಹೇಳಿದುದೆಲ್ಲ ಯುಕ್ತವಾದುದೇ. ತಂದೆತಾಯಿಗಳಿಗೆ ತಮ್ಮದೇ ಆದ ಪುತ್ರಶೋಕವಿದ್ದರೂ ಅದು ಉಪದೇಶದಲ್ಲಿಯೇ ಪರ್ಯವಸಾನವಾಗುವುದು. ಅವನ ಜತೆಯಲ್ಲಿ ನಡೆದವನು ಸಂಜಯನೊಬ್ಬನೇ. ಬಿದ್ದವರ ನಡುವೆ ದಾರಿ ತೋರಿಸುತ್ತ ಅವನು ಮಾಡಿದ ಸೇವೆಯು ಎಲ್ಲ ಹಿತೋಪದೇಶಗಳಿಗಿಂತ ದೊಡ್ಡದು. ಆದರೆ ರಾಜನಿಗೆ ಬೇಕಾಗಿದ್ದ ಕಾಲವನ್ನು ಕೊಡುವುದು ಅವನ ಕೈಯಲ್ಲಿರಲಿಲ್ಲ. ಆದುದರಿಂದ ರನ್ನನ ದುರಂತಕ್ಕೆ ಕಾರಣವು ನಾಯಕನ ಛಲವೊಂದೇ ಅಲ್ಲ. ಅಳುವುದಕ್ಕೆ ಮುಂಚೆ ಬಂದ ಉಪದೇಶವೂ ಒಂದು ಕಾರಣ. ಯುಕ್ತವಾದ ಮಾತು ಅಕಾಲದಲ್ಲಿ ಬಂದು ವ್ಯರ್ಥವಾಗುವುದನ್ನು ಕವಿಯು ಯಾರನ್ನೂ ದೂಷಿಸದೆ ತೋರಿಸಿದ್ದಾನೆ.

೩

‘ಅಶ್ವತ್ಥಾಮನ್’ ನಾಟಕದ ವಿಚಾರವು ಇದಕ್ಕಿಂತ ಜಟಿಲವಾದುದು. ಅದರ ಮೂಲವಾದ ‘ಏಜಾಕ್ಸ್’ನ ಕಥೆಯು ಹೀಗಿದೆ: ಮೃತನಾದ ಅಖಿಲೀಸನ ಆಯುಧಗಳು ತನಗೆ ದೊರೆಯದೆ ಒಡಿಸ್ಯೂಸನಿಗೆ ಸಂದುದರಿಂದ ಕುಪಿತನಾದ ಏಜಾಕ್ಸನು ರಾತ್ರಿಯಲ್ಲಿ ಗ್ರೀಕ್ ನಾಯಕರನ್ನು ಕೊಲ್ಲಹೊರಡುವನು. ಅಥೀನಾ ದೇವಿಯು ಅವನ ಬುದ್ಧಿಯನ್ನು ಕೆಡಿಸಲು, ದನಕುರಿಗಳನ್ನೇ ಶತ್ರುಗಳೆಂದು ಭ್ರಮಿಸಿ ಕೊಂದುಹಾಕುವನು. ಭ್ರಮೆಯು ಬಿಟ್ಟಮೇಲೆ ಅವಮಾನವನ್ನು ತಾಳಲಾರನು. ಸಂಗಾತಿಯಾದ ಟೆಕ್ಮೆಸ್ಸೆ ಬೇಡಿಕೊಳ್ಳುವಳು. ಅನುಚರರು ಸುತ್ತ ನಿಂತಿರುವರು. ಆಗ ಅವನು ಇದ್ದಕ್ಕಿದ್ದಂತೆ ಶಾಂತನಾಗಿ, ಒಪ್ಪಿಕೊಂಡವನಂತೆ ಮಾತನಾಡಿ, ಎಲ್ಲರಿಗೂ ಸಮಾಧಾನವಾಗುವಂತೆ ಮಾಡಿ, ಒಬ್ಬನೇ ಕಡಲತೀರಕ್ಕೆ ಹೋಗುವನು. ಆ ಒಂದು ದಿನ ಮಾತ್ರ ಅವನನ್ನು ಗುಡಾರದಿಂದ ಹೊರಗೆ ಬಿಡಬಾರದು, ಆ ದಿನ ಕಳೆದರೆ ಅಪಾಯವು ತಪ್ಪುವುದು ಎಂಬ ಸಂದೇಶವನ್ನು ಹೊತ್ತ ದೂತನು ಬರುವ ಹೊತ್ತಿಗೆ ಅವನು ಹೊರಟುಹೋಗಿದ್ದಾನೆ.

ಈ ನಾಟಕದ ಮರ್ಮವು ಆ ದೂತನ ಮಾತಿನಲ್ಲಿದೆ. ಸಾಯಬೇಕೆಂಬ ಸಂಕಲ್ಪವು ಎಷ್ಟೇ ದೃಢವಾಗಿ ಕಂಡರೂ ಅದು ಕಾಲಾಧೀನವಾದುದು. ಆ ಕಾಲವನ್ನು ದಾಟಿಸಿದರೆ ಮನುಷ್ಯನು ಉಳಿಯಬಹುದು. ಆರ್ಭಟಿಸುವಾಗ ಎಲ್ಲರೂ ಕಾವಲಿರುವರು, ಆರ್ಭಟವು ನಿಂತಾಗ ಕಾವಲು ಸಡಿಲುವುದು, ಅಪಾಯವಿರುವುದು ಅಲ್ಲಿಯೇ. ಆತ್ಮಹತ್ಯೆಯ ತಡೆಯ ವಿಷಯದಲ್ಲಿ ಇಂದಿನ ವೈದ್ಯರು ಹೇಳುವುದೂ ಇದನ್ನೇ: ಆಪತ್ಕಾಲದಲ್ಲಿ ಒಬ್ಬನೇ ಬಿಡಬಾರದು, ಆಯುಧ ವಿಷಾದಿಗಳನ್ನು ಕೈಗೆ ಎಟಕದಂತೆ ದೂರವಿಡಬೇಕು, ಹಠಾತ್ತಾಗಿ ಬಂದ ಶಾಂತಿಯನ್ನು ನಂಬಿ ಮೈಮರೆಯಬಾರದು. ಅಮೆರಿಕದ ವೈದ್ಯ ಜೋನಾಥನ್ ಷೇ ಎಂಬಾತನು ವಿಯಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಚಿಕಿತ್ಸೆಯಲ್ಲಿ ತೊಡಗಿದ್ದು, ಅವರ ವೇದನೆಯನ್ನು ಹೋಮರನ ಅಖಿಲೀಸನೊಡನೆ ಹೋಲಿಸಿ ೧೯೯೪ರಲ್ಲಿ ಒಂದು ಗ್ರಂಥವನ್ನು ಬರೆದನು. ೨೦೦೮ರಿಂದ ಬ್ರಯನ್ ಡೋರಿಸ್ ಎಂಬ ನಿರ್ದೇಶಕನು ಇದೇ ‘ಏಜಾಕ್ಸ್’ ನಾಟಕವನ್ನು ಸೈನಿಕರ ಮತ್ತು ಅವರ ಕುಟುಂಬದವರ ಮುಂದೆ ಓದಿಸಿ, ಓದಿನ ತರುವಾಯ ಅವರಿಂದಲೇ ಮಾತನಾಡಿಸುವ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾನೆ. ‘ಶ್ರೀ’ಯವರು ಗ್ರೀಕ್ ನಾಟಕಗಳ ರಾಶಿಯಿಂದ ಈ ಕೃತಿಯನ್ನೇ ಆರಿಸಿಕೊಂಡುದು ಅವರ ವಿವೇಕಕ್ಕೆ ಸಾಕ್ಷಿ.

ಆದರೆ ಕಥಾಂತರದಲ್ಲಿ ಒಂದು ನಷ್ಟವೂ ಆಗಿದೆ. ವ್ಯಾಸಭಾರತದ ಸೌಪ್ತಿಕಪರ್ವದಲ್ಲಿ ಕೃಪ ಕೃತವರ್ಮರು ಮರದ ಕೆಳಗೆ ನಿದ್ದೆಹೋಗಿರಲು ಅಶ್ವತ್ಥಾಮನೊಬ್ಬನು ಎಚ್ಚರವಾಗಿರುವನು. ಗೂಗೆಯು ಮಲಗಿದ ಕಾಗೆಗಳನ್ನು ಕೊಲ್ಲುವುದನ್ನು ನೋಡುವನು. ಈ ರಾತ್ರಿ ಮಲಗಿ ವಿಶ್ರಮಿಸೆಂದು ಕೃಪನು ಬುದ್ಧಿ ಹೇಳಿದರೆ, ಆರ್ತನಿಗೂ ಕುಪಿತನಿಗೂ ನಿದ್ದೆಯೆಲ್ಲಿಯದೆಂದು ಉತ್ತರಕೊಡುವನು. ನಿದ್ರಾನಾಶದಿಂದ ಹಿಂಸೆಗೆ ನಡೆದ ದಾರಿಯನ್ನು ಆ ಪರ್ವವು ಹೆಜ್ಜೆಹೆಜ್ಜೆಯಾಗಿ ತೋರಿಸುವುದು. ಕೊನೆಯಲ್ಲಿ ಅವನಿಗೆ ದೊರೆಯುವ ಶಿಕ್ಷೆಯು ಮರಣವಲ್ಲ: ಮೂರು ಸಾವಿರ ವರ್ಷಗಳ ಕಾಲ, ರಕ್ತ ಕೀವುಗಳ ದುರ್ಗಂಧವನ್ನು ಹೊತ್ತು, ಸಂಗಾತಿಯಿಲ್ಲದೆ, ಮಾತನಾಡುವುದಕ್ಕೆ ಒಬ್ಬರೂ ಇಲ್ಲದೆ ಅಲೆಯಬೇಕೆಂಬ ಶಾಪ. ಪುರಾಣಕ್ಕೆ ವಿರೋಧವೆಂಬ ಕಾರಣದಿಂದ ಅಶ್ವತ್ಥಾಮನ ಮರಣವನ್ನು ಆಕ್ಷೇಪಿಸಿದವರು ಮುಖ್ಯವಾದುದನ್ನು ಬಿಟ್ಟರು. ಚಿರಂಜೀವಿತ್ವವು ಭಾರತದಲ್ಲಿ ವರವಾಗಿರದೆ ಶಾಪವಾಗಿದೆ. ಅದರ ಘೋರವಾದ ಅಂಶವೇ ಕೇಳುವವರಿಲ್ಲದ ಬದುಕು. ಗ್ರೀಕ್ ಚೌಕಟ್ಟಿಗೆ ಮರಣವು ಅವಶ್ಯವಾದುದರಿಂದ ನಾಟಕವು ಏಕತೆಯನ್ನು ಪಡೆಯಿತು. ಆದರೆ ಹಿಂಸೆಯನ್ನು ಮಾಡಿ ಉಳಿದವನು ಹೇಗೆ ಬದುಕಬೇಕೆಂಬ, ಭಾರತವು ಬಿಡದೆ ಹಿಡಿದ ಪ್ರಶ್ನೆಯನ್ನು ಕಳೆದುಕೊಂಡಿತು. ಕಥೆಯ ಕಟ್ಟಿನಲ್ಲಿ ಸೊಫೋಕ್ಲೀಸನು ಮೇಲು. ಈ ಒಂದು ಸತ್ಯದಲ್ಲಿ ವ್ಯಾಸನು ಮೇಲು.

೪

‘ಪಾರಸಿಕರು’ ಮೂರರಲ್ಲಿ ಅತ್ಯಂತ ಕಡಿಮೆ ಓದಲ್ಪಟ್ಟ ಕೃತಿ. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಅದರಲ್ಲಿ ಕಾರ್ಯವೆಂಬುದೇ ಇಲ್ಲ. ಬಿದ್ದವರ ಹೆಸರುಗಳ ದೀರ್ಘವಾದ ಪಟ್ಟಿಗಳಿವೆ. ಆ ಹೆಸರುಗಳು ಕನ್ನಡದ ಕಿವಿಗೆ ಕೇವಲ ಅಪರಿಚಿತ. ಕರ್ಣ ದುಶ್ಶಾಸನರ ಹೆಸರು ಕೇಳಿದೊಡನೆ ಮಿಡಿಯುವ ಹೃದಯವು ಪಾರಸಿಕ ದಳಪತಿಗಳ ಹೆಸರಿಗೆ ಮಿಡಿಯದಿದ್ದರೆ ಓದುಗರ ತಪ್ಪಲ್ಲ. ಆದರೂ ಶೋಕದ ನಿರ್ವಹಣೆಯನ್ನು ಕುರಿತು ಹೇಳುವುದಾದರೆ ಮೂರು ಕೃತಿಗಳಲ್ಲಿ ಇದಕ್ಕೇ ಮೊದಲ ಸ್ಥಾನವು ಸಲ್ಲತಕ್ಕದ್ದು.

ಕ್ರಿ. ಪೂ. ೪೮೦ರ ಸಾಲಮಿಸ್ ಯುದ್ಧವಾದ ಎಂಟು ವರ್ಷಗಳಿಗೆ, ಕ್ರಿ. ಪೂ. ೪೭೨ರಲ್ಲಿ, ಗೆದ್ದ ಅಥೆನ್ಸ್ ನಗರದಲ್ಲಿ ಸೋತ ಶತ್ರುವಿನ ಅಳುವನ್ನು ಪ್ರದರ್ಶಿಸಿದ ನಾಟಕವಿದು. ಬರೆದ ಈಸ್ಕಿಲಸನು ಪಾರಸಿಕರೊಡನೆ ಸ್ವತಃ ಕಾದಿದವನು. ತನ್ನವರನ್ನು ಕೊಂದವರ ತಾಯಂದಿರೂ ಅಳುವರೆಂಬುದನ್ನು ತನ್ನ ಊರಿನವರ ಮುಂದೆ ನಿಂತು ಹೇಳಿದ ಧೈರ್ಯವು ರಣಧೈರ್ಯಕ್ಕಿಂತ ಕಡಿಮೆಯಾದುದಲ್ಲ. ರನ್ನನು ದುರ್ಯೋಧನನಿಗೆ ತೋರಿಸಿದ ಸಹಾನುಭೂತಿಯೂ ಇದೇ ಜಾತಿಯದು. ‘ಶ್ರೀ’ಯವರ ಮನಸ್ಸು ಎರಡರ ಕಡೆಗೂ ತಿರುಗಿದುದು ಆಕಸ್ಮಿಕವಾಗಿರಲಾರದು.

ನಾಟಕದ ಕ್ರಮವನ್ನು ನೋಡಬೇಕು. ದೂತನು ಬಂದು ಸತ್ತವರನ್ನು ಹೆಸರು ಹಿಡಿದು ಹೇಳುವನು. ಆಮೇಲೆ ರಾಣಿಯೂ ವೃದ್ಧರೂ ಮೃತನಾದ ದೊರೆ ಡೇರಿಯಸನ ಪ್ರೇತವನ್ನು ಆವಾಹನಮಾಡುವರು. ಅವನು ಮಗನ ಅಹಂಕಾರವೇ ಈ ಅನರ್ಥಕ್ಕೆ ಮೂಲವೆಂದು ಕಾರಣವನ್ನು ವಿವರಿಸುವನು. ಕಟ್ಟಕಡೆಗೆ ಹರಿದ ಬಟ್ಟೆಯಲ್ಲಿ ಸರ್ಕ್ಸಸನು ಒಬ್ಬನೇ ಬರುವನು. ಈಗ ಯಾವ ಉಪದೇಶವೂ ಇಲ್ಲ. ವೃದ್ಧರು ಒಬ್ಬೊಬ್ಬರ ಹೆಸರನ್ನೂ ಹಿಡಿದು ಎಲ್ಲಿ ಎಂದು ಕೇಳುವರು. ಅವನು ಬಿಟ್ಟುಬಂದೆನೆಂದು ಒಪ್ಪಿಕೊಳ್ಳುವನು. ಪ್ರಶ್ನೆಯಲ್ಲಿ ಆಕ್ಷೇಪವಿದೆ, ಆದರೂ ಪ್ರಶ್ನೆಯೂ ಉತ್ತರವೂ ಕ್ರಮೇಣ ಒಂದೇ ಅಳುವಾಗಿ ಕೂಡುವುವು, ಅಳುತ್ತಲೇ ಅವನನ್ನು ಮನೆಗೆ ಕರೆದುಕೊಂಡು ಹೋಗುವರು. ನಾಟಕವು ಅಲ್ಲಿಗೆ ಮುಗಿಯುವುದು. ತಪ್ಪನ್ನು ಮುಚ್ಚಿಲ್ಲ, ತಪ್ಪು ಮಾಡಿದವನನ್ನು ಬೀದಿಯಲ್ಲಿ ಬಿಟ್ಟೂ ಇಲ್ಲ.

ವ್ಯಾಸಭಾರತದ ಸ್ತ್ರೀಪರ್ವದಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಗಾಂಧಾರಿಯು ರಣಭೂಮಿಯಲ್ಲಿ ಬಿದ್ದವರನ್ನು ಒಬ್ಬೊಬ್ಬರಾಗಿ ಕೃಷ್ಣನಿಗೆ ತೋರಿಸುವಳು, ಅವನ ಮೇಲೆ ಕೋಪವನ್ನೂ ಕಾರುವಳು. ಅನಂತರ ದಹನ, ಆಮೇಲೆ ಜಲತರ್ಪಣ. ಆ ಹೊತ್ತಿನಲ್ಲಿಯೇ ಕುಂತಿಯು ಕರ್ಣನು ತನ್ನ ಮಗನೆಂದು ಬಾಯಿಬಿಡುವಳು. ಶಾಂತಿಪರ್ವದ ಉಪದೇಶವು ಬರುವುದು ಇದೆಲ್ಲ ಆದಮೇಲೆ. ಅಷ್ಟಾದರೂ ಧರ್ಮರಾಯನ ಶೋಕವು ಒಂದೇ ಸಾರಿಗೆ ಅಡಗುವುದಿಲ್ಲ. ಭೀಷ್ಮನಿಂದ ಅಷ್ಟು ಕೇಳಿದಮೇಲೂ ಆಶ್ವಮೇಧಿಕಪರ್ವದ ಆರಂಭದಲ್ಲಿ ಅವನು ಮತ್ತೆ ಕುಸಿಯುವನು. ಶೋಕಕ್ಕೆ ನೇರವಾದ ದಾರಿಯಿಲ್ಲ, ಅದು ತಿರುತಿರುಗಿ ಬರುವುದೆಂಬುದನ್ನು ವ್ಯಾಸನು ಬಲ್ಲನು.

೫

ಮೂರು ನಾಟಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಿಳಿದುಬರುವ ತತ್ತ್ವವು ಇಷ್ಟು: ಹಿಂಸೆಯ ತರುವಾಯ ಮೊದಲು ಬೇಕಾದುದು ಸಾನ್ನಿಧ್ಯ, ಆಮೇಲೆ ಅಳು ಮತ್ತು ಸಂಸ್ಕಾರ, ಅದಾದಮೇಲೆ ಉಪದೇಶ. ಈ ಕ್ರಮವು ಕೆಟ್ಟಲ್ಲಿ ಶೋಕವು ಗದಾಯುದ್ಧವಾಗುವುದು, ಇಲ್ಲವೆ ಕಡಲತೀರದ ಖಡ್ಗವಾಗುವುದು.

ಕಾವ್ಯನಾಯಕರನ್ನು ರೋಗಿಗಳೆಂದು ಎಣಿಸುವುದು ರಸಭಂಗವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವಾದುದೇ. ಘಾತಾನಂತರದ ಮನೋವ್ಯಥೆಯು ಪ್ರತ್ಯೇಕ ವ್ಯಾಧಿಯೆಂದು ಅಮೆರಿಕದ ಮನೋವೈದ್ಯರ ಗ್ರಂಥದಲ್ಲಿ ಸ್ಥಾನಪಡೆದುದು ೧೯೮೦ರಲ್ಲಿ. ಆ ಹೆಸರನ್ನು ರನ್ನನ ದುರ್ಯೋಧನನಿಗೆ ಅಂಟಿಸುವುದರಿಂದ ಕಾವ್ಯಕ್ಕೆ ಲಾಭವಿಲ್ಲ. ಶೋಕವೆಲ್ಲ ವ್ಯಾಧಿಯೂ ಅಲ್ಲ. ಆದರೆ ಕವಿಗಳು ಕಂಡ ಕ್ರಮವನ್ನೇ ಇಂದಿನ ಶಾಸ್ತ್ರವು ಬೇರೊಂದು ದಾರಿಯಿಂದ ಬಂದು ಮುಟ್ಟಿರುವುದನ್ನು ಹೇಳದಿರುವುದೂ ತಪ್ಪಾಗುವುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರಲ್ಲಿ ಇತರ ಸಂಸ್ಥೆಗಳೊಡನೆ ಪ್ರಕಟಿಸಿದ ಮನೋಪ್ರಥಮಚಿಕಿತ್ಸೆಯ ಕೈಪಿಡಿಯು ಮೂರು ಕಾರ್ಯಗಳನ್ನು ವಿಧಿಸುವುದು: ನೋಡು, ಆಲಿಸು, ಜೋಡಿಸು. ಯಾರು ಅಪಾಯದಲ್ಲಿರುವರೆಂದು ನೋಡುವುದು. ಅವರಾಗಿ ಹೇಳಿದುದನ್ನು ಆಲಿಸುವುದು, ನಡೆದುದನ್ನು ಬಲವಂತವಾಗಿ ಹೇಳಿಸದಿರುವುದು. ಅನ್ನ, ಆಶ್ರಯ, ಬಂಧುಗಳು, ವೈದ್ಯರು, ಇವರೊಡನೆ ಜೋಡಿಸುವುದು. ಉಪದೇಶಕ್ಕೆ ಆ ಪಟ್ಟಿಯಲ್ಲಿ ಸ್ಥಳವಿಲ್ಲ. ಘಾತವಾದ ಮೊದಲ ತಿಂಗಳಲ್ಲಿ ತೀವ್ರವ್ಯಥೆಯನ್ನು ಅಡಗಿಸುವುದಕ್ಕಾಗಿ ಬೆಂಜೋಡಯಜಪೀನ್ ಜಾತಿಯ ಶಾಮಕ ಔಷಧಗಳನ್ನು ಕೊಡಬಾರದೆಂದು ಅದೇ ಸಂಸ್ಥೆಯು ೨೦೧೩ರಲ್ಲಿ ಸೂಚಿಸಿತು.

ಬೆಚ್ಚಿಬೀಳುವುದು, ದುಃಸ್ವಪ್ನ, ನಿದ್ರಾನಾಶ, ಇವು ಮೊದಲ ವಾರಗಳಲ್ಲಿ ಸಹಜವಾದುವು; ಬಹುಮಂದಿಯಲ್ಲಿ ಬಂಧುಮಿತ್ರರ ಆಸರೆಯಿಂದ ಕ್ರಮೇಣ ತಗ್ಗುವುವು. ಒಂದು ತಿಂಗಳು ಕಳೆದರೂ ತಗ್ಗದಿದ್ದರೆ, ಮನೆಯ ಕೆಲಸವೂ ಉದ್ಯೋಗವೂ ನಡೆಯದಿದ್ದರೆ, ಮದ್ಯವೇ ಆಸರೆಯಾದರೆ ತಜ್ಞರ ಸಹಾಯವು ಬೇಕು. ಸಾಯಬೇಕೆಂಬ ಯೋಚನೆಯು ಬಂದರಂತೂ ಒಂದು ದಿನವೂ ಕಾಯಬಾರದು. ಇಂಥವರ ಸಂಖ್ಯೆಯು ಅಲ್ಪವಲ್ಲ. ಕಲಹಪೀಡಿತ ಪ್ರದೇಶಗಳಲ್ಲಿ ಸುಮಾರು ನೂರಕ್ಕೆ ೨೨ ಮಂದಿ ಒಂದಲ್ಲ ಒಂದು ಮಾನಸಿಕ ವ್ಯಾಧಿಯಿಂದ ನರಳುವರೆಂದು ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಅಂದಾಜು.

ಇದರಲ್ಲಿ ಕನ್ನಡನಾಡಿಗೆ ಒಂದು ವಿಶೇಷ ಸಂಬಂಧವುಂಟು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು, ಎಂದರೆ ನಿಮ್ಹಾನ್ಸ್, ೨೦೦೨ರಲ್ಲಿ ಗುಜರಾತಿನಲ್ಲಿ ನಡೆದ ಕೋಮುಗಲಭೆಯ ತರುವಾಯ ಅಲ್ಲಿಯ ಕಾರ್ಯಕರ್ತರನ್ನು ಸಾಂತ್ವನಕಾರ್ಯಕ್ಕೆ ತರಬೇತುಗೊಳಿಸಿತು. ಪಂಡಿತನಾದ ವೈದ್ಯನು ದೂರದಿಂದ ಬಂದು ಹೋಗುವುದಕ್ಕಿಂತ ಪಕ್ಕದ ಬೀದಿಯವನೇ ಆಲಿಸಲು ಕಲಿಯುವುದು ಮೇಲೆಂಬುದು ಆ ಪದ್ಧತಿಯ ತಿರುಳು. ಸಂಜಯನ ಸ್ಥಾನಕ್ಕೆ ನೆರೆಯವನನ್ನು ಸಿದ್ಧಪಡಿಸುವ ಕೆಲಸವದು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಗೂ ಅದೇ ಸಂಸ್ಥೆಯು ಕೇಂದ್ರ. ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಶುಲ್ಕವಿಲ್ಲದೆ, ಕನ್ನಡದಲ್ಲಿಯೂ, ಮಾತನಾಡಬಹುದು.

ದೂರವಾಣಿಯೊಂದರಿಂದ ಸುಟ್ಟ ಮನೆಯು ಎದ್ದು ನಿಲ್ಲುವುದಿಲ್ಲ; ನ್ಯಾಯವು ದೊರೆಯದಿದ್ದರೆ ಸಾಂತ್ವನವು ಅರ್ಧವಾಗಿಯೇ ಉಳಿಯುವುದು. ಸರ್ಕ್ಸಸನನ್ನು ಹೆಸರು ಹೆಸರಾಗಿ ಕೇಳಿದ ವೃದ್ಧರು ಇದನ್ನು ಬಲ್ಲರು. ನಾಟಕವನ್ನು ಓದಿದುದರಿಂದ ವ್ಯಾಧಿಯು ಗುಣವಾಗುವುದೆಂದು ಹೇಳುವುದೂ ಸಲ್ಲದು. ಆದರೆ ಅಳುವವನ ಮುಂದೆ ಏನನ್ನು ಮಾಡಬೇಕು, ಏನನ್ನು ಹೇಳಬಾರದು ಎಂಬ ಶಿಕ್ಷಣವನ್ನು ಈ ಮೂರು ಕೃತಿಗಳು ಓದುಗರಿಗೆ ಕೊಡಬಲ್ಲವು. ‘ಶ್ರೀ’ಯವರ ನಾಟಕಗಳನ್ನು ದುರಂತದ ಲಕ್ಷಣಚರ್ಚೆಗೆ ಮಾತ್ರ ಮೀಸಲಾಗಿಟ್ಟಿರುವ ವಿಮರ್ಶೆಯು ಇನ್ನು ಮುಂದೆ ಈ ಅಂಶಕ್ಕೂ ಲಕ್ಷ್ಯಕೊಡುವುದು ಉಚಿತ. ಏಜಾಕ್ಸನ ಗುಡಾರಕ್ಕೆ ದೂತನು ತಡವಾಗಿ ಬಂದನು. ಅವನ ಸಂದೇಶವು ಮಾತ್ರ ಸರಿಯಾಗಿತ್ತು. ಆ ಸಂದೇಶವು ಈಗ ಕನ್ನಡದಲ್ಲಿಯೂ ಇದೆ. ಸಕಾಲದಲ್ಲಿ ಅದನ್ನು ಒಯ್ಯುವವರು ಬೇಕಾಗಿದ್ದಾರೆ.